ಹಣ್ಣು ಹುಳುವಿನ ಭಾನುವಾರ

ಚಳಿಗಾಲದಲ್ಲಿ ಅಂಗಳದಲ್ಲಿ ಬೆಂಕಿ ಹಾಕಿದಾಗಲೆಲ್ಲ ಮಕ್ಕಳು ಕೇಳುವುದು ಇದೊಂದೇ ಕಥೆ: ನಮ್ಮನೆಗೆ ಅಮೆರಿಕದ ವಾಲಿಬಾಲ್ ತಂಡ ಬಂದದ್ದು.

ನಾನಾಗ ಕನಕಪುರದಲ್ಲಿ ಪಿಯುಸಿ ಓದುತ್ತಿದ್ದೆ. ಹಾರೋಬೆಲೆ ಕಡೆಯ ಕಥೋಲಿಕ ಕುಟುಂಬ ನಮ್ಮದು. ಈ ಸೀಮೆಗೆ ಹೊರದೇಶದ ದೇವರ ಸೇವಕರು ಹೊಸಬರೇನಲ್ಲ. 17ನೇ ಶತಮಾನದಲ್ಲೇ ಇಟಲಿಯ ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣವನ್ನೂ ಬರೆದವರು. ಈ ವಾಲಿಬಾಲ್ ಹುಡುಗರು ಬಂದದ್ದು ಕ್ರಿಸ್‌ಮಸ್ ರಜೆಯಲ್ಲಿ. ಆಟ ಆಡುವುದು, ಶಾಲೆಗೆ ಬಣ್ಣ ಬಳಿಯುವುದು, ದೇವರ ಮಾತು ಹೇಳುವುದು, ಇದು ಅವರ ಯಾತ್ರೆ. ಅವರ ಸಭೆ ಬೇರೆ, ನಮ್ಮದು ಬೇರೆ. ಬೆಂಗಳೂರಿನಲ್ಲಿ ಓದುತ್ತಿದ್ದ ಚಿಕ್ಕಪ್ಪನಿಗೆ ಮೈದಾನದಲ್ಲಿ ಸ್ನೇಹವಾಗಿ, ಎರಡು ದಿನಕ್ಕೆಂದು ಊರಿಗೆ ಕರೆತಂದಿದ್ದರು.

ಶನಿವಾರ ರಾತ್ರಿ ಹುಣಸೆಮರದ ಕೆಳಗೆ ಬೆಂಕಿ ಕಾಯಿಸುತ್ತ ಕೂತಿದ್ದೆವು. ವಾಲಿಬಾಲ್ ಹುಟ್ಟಿದ್ದೇ 1895ರಲ್ಲಿ, ಅಮೆರಿಕದ ಒಂದು ವೈಎಂಸಿಎಯಲ್ಲಿ ಎಂದು ತಂಡದ ಕೋಚ್ ಹೇಳಿದರು. ಆಮೇಲೆ ಎರಿಕ್ ಲಿಡೆಲ್‌ನ ಕಥೆ ತೆಗೆದರು. ಎಡಿನ್‌ಬರೋದ ವಿದ್ಯಾರ್ಥಿ, 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿತ್ತೆಂದು ಓಡಲಿಲ್ಲ. ನಾನೂರು ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಮರುವರ್ಷ ಚೀನಾಕ್ಕೆ ಸೇವೆಗೆ ಹೋದವನು 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲೇ ತೀರಿಕೊಂಡ. ಚಿಕ್ಕಪ್ಪ ಕನ್ನಡದಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಅಜ್ಜಿಯ ಕಣ್ಣು ತುಂಬಿತ್ತು. "ಪುಣ್ಯಾತ್ಮ" ಅಂದರು. ನಾವೂ ಭಾನುವಾರ ಆಡುವುದಿಲ್ಲ, ಕೆಲಸ ಮಾಡುವುದಿಲ್ಲ, ಸೋಮವಾರ ಬೆಳಿಗ್ಗೆ ಊರಿನವರ ಜೊತೆ ಮ್ಯಾಚ್ ಎಂದರು ಕೋಚ್.

ಭಾನುವಾರ ಪೂಜೆ ಮುಗಿಸಿಕೊಂಡು ಬರುವಷ್ಟರಲ್ಲಿ ಹುಳು ಹಣ್ಣಾಗಿದ್ದವು.

ರೇಷ್ಮೆ ಸಾಕಿದವರಿಗೆ ಈ ಮಾತಿನ ಭಾರ ಗೊತ್ತು. ಒಂದು ಚಿಟ್ಟೆ ಇಟ್ಟದ್ದಷ್ಟೂ ನಮ್ಮ ಲೆಕ್ಕಕ್ಕೆ ಒಂದು ಮೊಟ್ಟೆ; ಅಂಥ ನೂರು ಮೊಟ್ಟೆ ಅಂದರೆ 40,000ಕ್ಕೂ ಮೇಲೆ ಹುಳು. ಸೊಪ್ಪು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಜಾಗ ಹುಡುಕುತ್ತವೆ. ಆಗಲೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡಬೇಕು. ತಡವಾದರೆ ಕಸದ ನಡುವೆಯೇ ನೂಲು ಬಿಟ್ಟುಬಿಡುತ್ತವೆ, ತಿಂಗಳ ದುಡಿಮೆ ಮಣ್ಣು. ಒಂದು ಚಂದ್ರಿಕೆಗೆ ಹಿಡಿಯುವುದು ಸಾವಿರ ಹುಳು. ಆವತ್ತು ಕೂಲಿಗೆ ಬರಬೇಕಾದವರು ಬರಲಿಲ್ಲ. ಅಪ್ಪನ ಮುಖ ಕಪ್ಪಿಟ್ಟಿತು.

ಕೋಚ್ ಹುಳು ಮನೆಯ ಬಾಗಿಲ ಹೊರಗೇ ನಿಂತಿದ್ದರು. ಅವರ ಸಂಕಟ ನನಗೀಗಲೂ ಕಣ್ಣಿಗೆ ಕಟ್ಟಿದಂತಿದೆ. ಅಜ್ಜಿ ಅವರ ಬಳಿ ಹೋಗಿ, "ಹಸ ಬಾವಿಗೆ ಬಿದ್ರೆ ಭಾನ್ವಾರ ಅಂತ ಬಿಟ್ಬಿಡಕ್ಕಾಯ್ತದಾ ಮಗಾ? ಸ್ವಾಮಿ ಯೇಸುನೇ ಕೇಳವ್ರಲ್ಲ?" ಅಂದರು. ಚಿಕ್ಕಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು ಹುಡುಗರತ್ತ ಕೈಬೀಸಿದರು.

ಆದರೆ ಅಜ್ಜಿ ಒಳಗೆ ಬಿಡಲಿಲ್ಲ. ಹುಡುಗರೆಲ್ಲ ಮೈಗೆ ಸೊಳ್ಳೆ ಕ್ರೀಮು ಹಚ್ಚಿಕೊಂಡಿದ್ದರು. ಅದರ ಸೋಂಕು ತಗುಲಿದರೆ ಹುಳು ಉಳಿಯುವುದೇ? ಬಾವಿಕಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಮೊಣಕೈ ಮೇಲಿನವರೆಗೂ ಸೋಪು ಹಾಕಿ ಉಜ್ಜಿಸಿ, ನಮ್ಮ ಲುಂಗಿ, ಹಳೇ ಅಂಗಿ ಉಡಿಸಿದರು. ಆರಡಿ ಮೀರಿದ ಹುಡುಗನೊಬ್ಬ ಮೊದಲ ಹುಳುವನ್ನು ಬೆಳಕಿಗೆ ಹಿಡಿದ. ಗಾಜಿನ ಹಾಗೆ ಬೆಳಕು ಹಾದುಬಂತು. ಹುಳು ಅಂಗೈ ಒದ್ದೆ ಮಾಡಿತು. ನೂಲು ಬಿಡುವ ಮುಂಚೆ ಹಣ್ಣು ಹುಳು ಹಾಗೇ ಮಾಡುತ್ತದೆ. ಅವನು ಕೈ ಕೊಡವಲಿಲ್ಲ, ಮೆಲ್ಲಗೆ ಚಂದ್ರಿಕೆಗಿಟ್ಟ. ಚೆಂಡನ್ನು ಸಿಡಿಲಿನಂತೆ ಹೊಡೆಯುವ ಕೈ ಅದು.

ಕತ್ತಲಾಗುವವರೆಗೂ ಆರಿಸಿದೆವು. ನಡುವೆ ಮುದ್ದೆ, ಅವರೆಕಾಳು ಸಾರು. ಅಂಗಳದಲ್ಲಿ ಕಟ್ಟಿದ್ದ ನೆಟ್ಟು ಹಾಗೇ ಉಳಿಯಿತು. ಸೋಮವಾರದ ಮ್ಯಾಚೂ ಆಗಲಿಲ್ಲ. ತಡವಾಗಿ ಹಣ್ಣಾದ ಹುಳುವನ್ನು ಆರಿಸಿಕೊಟ್ಟು, ಮಧ್ಯಾಹ್ನ ವ್ಯಾನು ಹತ್ತಿದರು.

ಗೂಡು ಬಿಡಿಸುವ ದಿನ ನೋಡಿದರೆ, ಕೋಚ್ ತುಂಬಿಸಿದ್ದ ಚಂದ್ರಿಕೆಗಳಲ್ಲಿ ಜೋಡಿ ಗೂಡೇ ಜಾಸ್ತಿ. ಹುಳು ಒತ್ತೊತ್ತಾಗಿ ಬಿಟ್ಟರೆ ಎರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಅದರ ನೂಲು ಸಲೀಸಾಗಿ ಬಿಚ್ಚದು, ರೇಟೂ ಇಲ್ಲ. ಅಪ್ಪ ಅವನ್ನು ಬೇರೆ ಚೀಲಕ್ಕೆ ಹಾಕಿ, ಉಳಿದದ್ದನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ದರು. ಆ ವಾರ ಚಿಕ್ಕಪ್ಪ ಕೋಚ್‌ಗೆ ಕಾಗದ ಬರೆಯಲು ಕೂತಾಗ ಅಜ್ಜಿ ಪಕ್ಕದಲ್ಲೇ ಕೂತರು.

"ಜೋಡಿ ಗೂಡಿನ್ ಇಚಾರ ಬರೀಬ್ಯಾಡ ಕಣ್ಲಾ. ಬೆಳೆ ಚೆನ್ನಾಗಾಯ್ತು ಅಂತ ಬರಿ."

ಬೆಳೆ ಚೆನ್ನಾಗಿಯೇ ಆಗಿತ್ತು.