ದೊಡ್ಡವ್ವನನ್ನು ನೋಡಲು ಹೋದುದು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಶಾಲೆಯ ದಿನಗಳ ವಿನೋದವನ್ನು ಬರೆಯೋಣವೆಂದೇ ಮೊದಲು ಯೋಚಿಸಿದೆನು. ಆದರೆ ಲೇಖನಿಯನ್ನು ಹಿಡಿದಾಗ ನೆನಪಿಗೆ ಬಂದುದು ಗೈಡ್ ತರಗತಿಯಲ್ಲಿ ಕಲಿತ ಶುಶ್ರೂಷೆಯ ಒಂದು ಪಾಠ. ಬೇಕಾದ ಹೊತ್ತಿನಲ್ಲಿ ಅದನ್ನು ನಾನು ಮರೆತುದರಿಂದ ಒಬ್ಬ ವೃದ್ಧೆಯು ಸಂಕಟಪಟ್ಟಳು. ಇದನ್ನು ಮುಚ್ಚಿಡದೆ ಹೇಳಿದರೆ ಕಿರಿಯ ಸೋದರಿಯರಿಗೆ ಪ್ರಯೋಜನವಾದೀತೆಂದು ನಂಬಿದ್ದೇನೆ.

ಯಾದಗಿರಿ ಸೀಮೆಯ ರಾಮಸಮುದ್ರವು ನನ್ನ ತಾಯಿಯ ತವರೂರು. ನನ್ನ ದೊಡ್ಡವ್ವ ಅಲ್ಲಿಯೇ ಇದ್ದಳು, ಮಕ್ಕಳಿಲ್ಲದ ವಿಧವೆ. ರಜೆಯ ದಿನಗಳಲ್ಲಿ ಅವಳು ಜೋಳದ ರೊಟ್ಟಿ ಬಡಿಯುವ ಸಪ್ಪಳದಿಂದಲೇ ನಮಗೆ ಎಚ್ಚರವಾಗುತ್ತಿತ್ತು. ವರ್ಷಗಳು ಕಳೆದಂತೆ ಮನೆಯ ಗಂಡುಮಕ್ಕಳು, ಆ ಸೀಮೆಯ ಅನೇಕರಂತೆ, ದುಡಿಮೆಗಾಗಿ ಬೆಂಗಳೂರು ಸೇರಿದರು. ನಾನೂ ಉದ್ಯೋಗದ ನಿಮಿತ್ತ ದೂರವಾದೆನು. ಅವಳು ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ನಾವೆಲ್ಲರೂ ಕೂಡಿ ಆಲೋಚಿಸಿ, ತಿಂಗಳಿಗಿಷ್ಟು ಹಣವೆಂದು ಗೊತ್ತುಮಾಡಿ, ಒಂದು ಪಟ್ಟಣದ ವೃದ್ಧಾಶ್ರಮದಲ್ಲಿ ಅವಳನ್ನು ಇರಿಸಿದೆವು.

ಮೊದಲ ಸಲ ನೋಡಲು ಹೋದಾಗ ಮುಂಚಿತವಾಗಿ ತಿಳಿಸಿಯೇ ಹೋಗಿದ್ದೆನು. ದೊಡ್ಡವ್ವ ಒಗೆದ ಸೀರೆಯುಟ್ಟು ದಿಂಬಿಗೊರಗಿದ್ದಳು. ಪರಿಚಾರಿಕೆಯು ಪಕ್ಕದಲ್ಲಿಯೇ ನಿಂತಿದ್ದಳು. “ಹ್ಯಾಂಗಿದ್ದಿ ದೊಡ್ಡವ್ವ?” ಎಂದು ಕೇಳಿದೆನು. ಅವಳು ಪರಿಚಾರಿಕೆಯ ಮುಖವನ್ನೊಮ್ಮೆ ನೋಡಿ, “ಛಲೋ ಅದೀನಿ ಮಗಳ, ಭಾಳ ಛಲೋ ನೋಡ್ಕೋತಾರ” ಎಂದಳು. ಕನ್ನಡಕವೆಲ್ಲಿ ಎಂದುದಕ್ಕೆ, ಒಡೆಯಿತೆಂದು ಪರಿಚಾರಿಕೆಯೇ ಉತ್ತರ ಕೊಟ್ಟಳು. ಮೈ ಇಳಿದಿತ್ತು, ವಯಸ್ಸಾಯಿತೆಂದುಕೊಂಡೆನು. ಮಣಿಕಟ್ಟುಗಳ ಸುತ್ತ ಬಳೆಯಂತೆ ಕಂದಿದ ಗುರುತಿತ್ತು. ಮುಪ್ಪಿನ ಚರ್ಮ ಬೇಗ ಕಂದುವುದೆಂದುಕೊಂಡೆನು. ಕಂಡ ಪ್ರತಿಯೊಂದಕ್ಕೂ ಒಂದೊಂದು ಸಮಾಧಾನವು ನನ್ನಲ್ಲಿ ಸಿದ್ಧವಾಗಿತ್ತು. ಏಕೆಂದರೆ ಸಮಾಧಾನದಿಂದ ಹಿಂದಿರುಗಬೇಕೆಂಬುದೇ ನನ್ನ ಮನಸ್ಸಿನ ಇಚ್ಛೆಯಾಗಿತ್ತು.

ಎರಡು ತಿಂಗಳ ತರುವಾಯ ಬೇರೊಂದು ಕಾರ್ಯಕ್ಕಾಗಿ ಆ ಊರಿಗೆ ಹೋದವಳು, ತಿಳಿಸದೆಯೇ ಸಂಜೆ ಒಳಹೊಕ್ಕೆನು. ನೀರಿನ ತಂಬಿಗೆಯು ಅವಳ ಕೈಗೆಟುಕದ ಕಿಟಕಿಯಲ್ಲಿತ್ತು. ಸೆರಗಿನ ಗಂಟಿನಲ್ಲಿ ಒಣಗಿದ ಅರ್ಧ ರೊಟ್ಟಿಯಿತ್ತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಸೊಂಟ ಹಿಮ್ಮಡಿಗಳನ್ನು ದಿನವೂ ನೋಡಬೇಕು ಎಂಬ ಆ ಹಳೆಯ ಪಾಠವು ಆಗ ನೆನಪಾಯಿತು. ಹೊರಳಿಸಿ ನೋಡಿದರೆ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು! ರಾತ್ರಿ ಎದ್ದು ಬೀಳಬಾರದೆಂದು ಅವಳ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟುತ್ತಿದ್ದರೆಂದು ನೆರೆಯ ಹಾಸಿಗೆಯ ಮುದುಕಿಯು ಪಿಸುಮಾತಿನಲ್ಲಿ ತಿಳಿಸಿದಳು. “ನನಗ್ಯಾಕ ಹೇಳಲಿಲ್ಲ?” ಎಂದೆನು. ದೊಡ್ಡವ್ವ, “ನೀ ಹೋದ ಮ್ಯಾಲ ನಾ ಇಲ್ಲೇ ಇರಬೇಕಲ್ಲ ಮಗಳ” ಎಂದಳು.

ವೃದ್ಧರು ದೂರು ಹೇಳದಿರುವುದರ ಕಾರಣವೆಲ್ಲವೂ ಆ ಒಂದು ಮಾತಿನಲ್ಲಿದೆ. ಆದುದರಿಂದ ಕಿವಿಯನ್ನು ಮಾತ್ರ ನೆಚ್ಚದೆ ಕಣ್ಣನ್ನು ಉಪಯೋಗಿಸಬೇಕು. ಹೊಡೆತವೊಂದೇ ಹಿಂಸೆಯಲ್ಲ. ಅನ್ನ, ನೀರು, ಔಷಧಗಳನ್ನು ತಪ್ಪಿಸುವುದು, ಗದರಿಸಿ ಅವಮಾನಪಡಿಸುವುದು, ಗಲಾಟೆಯಾಗದಿರಲೆಂದು ನಿದ್ರೆಯ ಮಾತ್ರೆ ಕೊಡುವುದು, ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು, ಇವೂ ಹಿಂಸೆಯೇ. ಒಂದು ಕಲೆಯನ್ನು ಕಂಡ ಮಾತ್ರಕ್ಕೆ ಯಾರನ್ನೂ ನಿಂದಿಸಲಾಗದು. ಆದರೆ ಕಲೆಗಳು ಮರುಕಳಿಸಿದರೆ, ಕೇಳಿದಾಗಲೆಲ್ಲ ಕಾರಣವು ಬದಲಾದರೆ, ವೃದ್ಧರೊಡನೆ ಏಕಾಂತದಲ್ಲಿ ಮಾತಾಡಲು ಬಿಡದಿದ್ದರೆ, ವೈದ್ಯರಿಗೆ ತೋರಿಸಿ ಅಧಿಕಾರಿಗಳಿಗೆ ತಿಳಿಸತಕ್ಕದ್ದು. 14567 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ವೃದ್ಧರಿಗಾಗಿಯೇ ಏರ್ಪಟ್ಟ ಸಹಾಯವು ದೊರೆಯುತ್ತದೆ.

ಇದು ನಮ್ಮ ಮನೆಯೊಂದರ ದುಃಖವಲ್ಲ. 2025ರ ಜೂನ್ ತಿಂಗಳಲ್ಲಿ ದೆಹಲಿಯ ನೆರೆಯ ನೋಯ್ಡಾದ ಒಂದು ಆಶ್ರಮದಿಂದ ಸುಮಾರು 40 ವೃದ್ಧರನ್ನು ಬಿಡಿಸಿದಾಗ, ಕೈಕಟ್ಟಿದವರೂ ಕೋಣೆಯಲ್ಲಿ ಕೂಡಿಹಾಕಿದವರೂ ಅವರಲ್ಲಿದ್ದರು. ಇಂತಹ ಆಶ್ರಮಗಳ ಸಿಬ್ಬಂದಿಯಲ್ಲಿ ಮೂವರಿಗೆ ಇಬ್ಬರು, ಒಂದು ವರ್ಷದೊಳಗೆ ಯಾವುದಾದರೊಂದು ಬಗೆಯಲ್ಲಿ ವೃದ್ಧರನ್ನು ನೋಯಿಸಿದುದನ್ನು ತಾವೇ ಒಪ್ಪಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹಲವು ದೇಶಗಳ ಪರಿಶೀಲನೆಗಳಿಂದ ತಿಳಿಸಿದೆ. ಅವರೆಲ್ಲರೂ ಕ್ರೂರಿಗಳೆಂದು ನಾನು ಭಾವಿಸುವುದಿಲ್ಲ. ದೊಡ್ಡವ್ವನಿದ್ದಲ್ಲಿ ರಾತ್ರಿ ಹೊತ್ತು ಇಪ್ಪತ್ತು ಹಾಸಿಗೆಗಳಿಗೆ ಒಬ್ಬಳೇ ಹೆಂಗಸು; ಅವಳಿಗೆ ಈ ಕೆಲಸವನ್ನು ಯಾರೂ ಕಲಿಸಿರಲಿಲ್ಲ. ಆದರೆ ಕಾರಣವು ತಿಳಿದೊಡನೆ ಕಟ್ಟು ಸಡಿಲವಾಗುವುದಿಲ್ಲವಷ್ಟೆ.

ಹಿರಿಯ ನಾಗರಿಕರ ರಕ್ಷಣೆಗಾಗಿ 2007ರಲ್ಲಿ ಆದ ಕಾಯಿದೆಯು, ತಮ್ಮ ಪಾಲನೆಯಲ್ಲಿರುವ ವೃದ್ಧರನ್ನು ತೊರೆದುಬಿಡುವವರಿಗೆ ಮೂರು ತಿಂಗಳವರೆಗೆ ಸೆರೆವಾಸವನ್ನು ವಿಧಿಸಬಹುದೆನ್ನುತ್ತದೆ. ತಿಂಗಳು ತಪ್ಪದೆ ಹಣ ಕಳುಹಿಸುತ್ತಿದ್ದ ನಾವು ತೊರೆದವರಲ್ಲವೆಂದೇ ನಂಬಿದ್ದೆವು. ಕಾಯಿದೆಯ ಲೆಕ್ಕದಲ್ಲಿ ಅದು ಸರಿಯಿರಬಹುದು. ದೊಡ್ಡವ್ವನ ಲೆಕ್ಕದಲ್ಲಿ ಹೇಗೋ ನಾನರಿಯೆ.

ಅವಳನ್ನು ರಾಮಸಮುದ್ರಕ್ಕೆ ಕರೆತಂದೆವು. ಸರದಿಯಂತೆ ರಜೆ ಹಾಕಿ ನೋಡಿಕೊಂಡೆವು. ನೆರೆಯ ಹೆಣ್ಣುಮಗಳೊಬ್ಬಳು ಸಂಬಳಕ್ಕೆ ಬಂದು ನೆರವಾದಳು. ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಅದು ಮಾಯ್ದ ಮೇಲೆಯೂ ಬಹುದಿನ, ತನ್ನ ಮನೆಯಲ್ಲಿ, ತನ್ನ ತಂಬಿಗೆಯನ್ನು ಮುಟ್ಟುವ ಮುನ್ನ, “ನೀರು ಕುಡೀಲೇನು?” ಎಂದು ನಮ್ಮನ್ನು ಕೇಳುತ್ತಿದ್ದಳು.

ಸೋದರಿಯರೇ, ನಿಮ್ಮವರು ಯಾರಾದರೂ ಅಂತಹ ಸ್ಥಳದಲ್ಲಿದ್ದರೆ ಹೇಳದೆ ಹೋಗಿರಿ, ಮೇಲಿಂದ ಮೇಲೆ ಹೋಗಿರಿ. ಕೈಹಿಡಿದು ಕುಳಿತುಕೊಳ್ಳಿರಿ, ಹಿಡಿದ ಕೈಯ ಮಣಿಕಟ್ಟನ್ನೂ ನೋಡಿರಿ.