ಹೋದ ಕಾರಿನಲ್ಲೇ ಮನೆಗೆ ಬರಬೇಕು

ಜಪಾನಿನ ಫುಕುಶಿಮಾ ಪ್ರಾಂತ್ಯದಲ್ಲಿ ನಿಹೊನ್‌ಮಾತ್ಸು ಅಂತ ಒಂದು ಊರಿದೆ. ಶರತ್ಕಾಲದಲ್ಲಿ ಜನ ಅಲ್ಲಿಗೆ ಹೋಗೋದು ಹಳೇ ಕೋಟೆಯಲ್ಲಿ ಸೇವಂತಿಗೆ ಹೂವಿನಿಂದ ಮಾಡಿದ ಬೊಂಬೆಗಳನ್ನು ನೋಡೋಕೆ, ಇಲ್ಲವೇ ಅದಾತಾರಾ ಬೆಟ್ಟದ ತಪ್ಪಲಿನ ಬಿಸಿನೀರಿನ ಬುಗ್ಗೆಗಳಲ್ಲಿ ಮೈ ಕಾಯಿಸಿಕೊಳ್ಳೋಕೆ. ಇನ್ನೊಂದು ಗುಂಪೂ ಬರುತ್ತೆ. ಅವರ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಬದಲು ಟೈರುಗಳು ಕೂತಿರುತ್ತವೆ. ಅವರು ಹೊರಟಿರೋದು ಊರಾಚೆಯ ಗುಡ್ಡದ ಮೇಲಿರುವ ಎಬಿಸು ಸರ್ಕ್ಯೂಟಿಗೆ, ಡ್ರಿಫ್ಟ್ ಮಾತ್ಸುರಿಗೆ. ಮಾತ್ಸುರಿ ಅಂದರೆ ನಮ್ಮ ಹಬ್ಬ, ಜಾತ್ರೆ ಇದ್ದ ಹಾಗೆ.

ನಾನು ಹಾಸನದವನು. ಈಗ ಕೆಲಸ ಉತ್ಸುನೋಮಿಯಾದಲ್ಲಿ. ಅಲ್ಲಿಂದ ನಿಹೊನ್‌ಮಾತ್ಸುಗೆ ತೊಹೊಕು ಎಕ್ಸ್‌ಪ್ರೆಸ್‌ವೇಯಲ್ಲಿ ಸುಮಾರು 130 ಕಿ.ಮೀ. ನನ್ನನ್ನು ಕರೆದುಕೊಂಡು ಹೋದವರು ಆಫೀಸಿನ ಹಿರಿಯ ಸಹೋದ್ಯೋಗಿ. ಇಲ್ಲಿ ಹಿರಿಯರನ್ನು ಸೆನ್‌ಪೈ ಅಂತಾರೆ, ನಾನೂ ಹಾಗೇ ಕರೀತೀನಿ.

ಡ್ರಿಫ್ಟಿಂಗ್ ಅಂದರೆ ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತ ಬೇಕಂತಲೇ ತಪ್ಪಿಸಿ, ಮುಂದಿನ ಚಕ್ರಗಳನ್ನು ಎದುರು ದಿಕ್ಕಿಗೆ ತಿರುಗಿಸಿ, ಕಾರನ್ನು ಅಡ್ಡಡ್ಡ ಜಾರಿಸಿಕೊಂಡು ಹೋಗೋದು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಮಣ್ಣು ರಸ್ತೆಯಲ್ಲಿ ಖಾಲಿ ಓಮ್ನಿ ಓಡಿಸಿದವರಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವ ಗಾಡಿ ಅದು, ಬಾಲ ಬೀಸುತ್ತೆ. ಅದನ್ನೇ ಇಲ್ಲಿ ಒಂದು ವಿದ್ಯೆ ಮಾಡಿಕೊಂಡಿದ್ದಾರೆ. 1970ರ ದಶಕದಲ್ಲಿ ಕುನಿಮಿತ್ಸು ತಾಕಾಹಾಶಿ ರೇಸಿನಲ್ಲಿ ಹೀಗೆ ಜಾರಿಸುತ್ತಿದ್ದರು. ಅವರನ್ನು ನೋಡಿ ಕಲಿತ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಓಡಿಸಿ ‘ಡ್ರಿಫ್ಟ್ ಕಿಂಗ್’ ಅಂತಲೇ ಹೆಸರಾದರು. ಸಾರ್ವಜನಿಕ ರಸ್ತೆಯಲ್ಲಿ ಹೀಗೆ ಮಾಡೋದು ಅಲ್ಲೂ ಅಪರಾಧವೇ. ಅದಕ್ಕೇ ಎಬಿಸುವಂಥ ಜಾಗ ಬೇಕಾಗಿದ್ದು.

ಸೆನ್‌ಪೈ ಕಾರು 1991ರ ನಿಸಾನ್ ಸಿಲ್ವಿಯಾ. 2 ಲೀಟರ್ ಟರ್ಬೊ ಎಂಜಿನ್, 205 ಕುದುರೆ ಶಕ್ತಿ, 5 ಗೇರು, ಹಿಂದಿನ ಚಕ್ರಕ್ಕೆ ಬಲ. ಜಾರದಂತೆ ತಡೆಯೋ ಕಂಪ್ಯೂಟರ್ ಇಲ್ಲ, ಕೈಯಲ್ಲಿ ಎಳೆಯೋ ಹ್ಯಾಂಡ್‌ಬ್ರೇಕ್ ಇದೆ. ಡ್ರಿಫ್ಟಿಗೆ ಹಳೇ ಕಾರನ್ನೇ ಹುಡುಕೋದು ಇದಕ್ಕೇ. ಈಗ ಅಮೆರಿಕದವರೂ ಇವುಗಳ ಹಿಂದೆ ಬಿದ್ದಿದ್ದಾರೆ. 25 ವರ್ಷ ದಾಟಿದ ಕಾರನ್ನು ಅಲ್ಲಿಗೆ ತರಿಸಿಕೊಳ್ಳೋದು ಸುಲಭ, ಹಾಗಾಗಿ ಬೆಲೆ ಏರಿದೆ. ಸೆನ್‌ಪೈಗೂ ಒಂದು ಒಳ್ಳೇ ಆಫರ್ ಬಂದಿತ್ತು. ಮನೆಯಲ್ಲಿ ಎರಡನೇ ಮಗು ಹುಟ್ಟಿದೆ. “ಈ ಹಬ್ಬ ಮುಗಿಯಲಿ, ಆಮೇಲೆ ಹೇಳ್ತೀನಿ” ಅಂದಿದ್ದರು.

ಅವರ ಹತ್ತಿರ ಇರೋದು ಅದೊಂದೇ ಕಾರು. ಟ್ರಕ್ ಮೇಲೆ ಹೊತ್ತು ತರುವಷ್ಟು ದುಡ್ಡಿಲ್ಲ. ಹಬ್ಬಕ್ಕೆ ಓಡಿಸಿಕೊಂಡು ಹೋಗಬೇಕು, ದಿನವಿಡೀ ಜಾರಿಸಬೇಕು, ಸಂಜೆ ಅದರಲ್ಲೇ ವಾಪಸ್ ಬರಬೇಕು, ಸೋಮವಾರ ಅದರಲ್ಲೇ ಆಫೀಸಿಗೆ. ಅದಕ್ಕೆ ನಂಬರ್ ಪ್ಲೇಟಿದೆ, 2 ವರ್ಷಕ್ಕೊಮ್ಮೆ ‘ಶಾಕೆನ್’ ಅನ್ನೋ ಸರ್ಕಾರಿ ತಪಾಸಣೆ ಇದೆ. ಕಾರಿನ ಹೊಟ್ಟೆ ನೆಲದಿಂದ ಕನಿಷ್ಠ 9 ಸೆಂ.ಮೀ. ಮೇಲಿರಬೇಕು. ಅಂದರೆ ಮನಸ್ಸಿಗೆ ಬಂದ ಹಾಗೆ ತಗ್ಗಿಸೋ ಹಾಗಿಲ್ಲ.

ತಯಾರಿಗೆ ನಾಲ್ಕು ಭಾನುವಾರ ಹಿಡಿಯಿತು. ನನ್ನ ಕೆಲಸ ಟಾರ್ಚ್ ಹಿಡಿಯೋದು, ಸ್ಪ್ಯಾನರ್ ಕೊಡೋದು.

ಮೊದಲು ತಂಪಿನ ವ್ಯವಸ್ಥೆ. ಕಾರು ಅಡ್ಡ ಹೋಗುವಾಗ ರೇಡಿಯೇಟರಿಗೆ ಎದುರು ಗಾಳಿ ಸರಿಯಾಗಿ ಸಿಗಲ್ಲ, ಎಂಜಿನ್ ಮಾತ್ರ ಜೋರಾಗಿ ದುಡೀತಿರುತ್ತೆ. ಕೂಲೆಂಟ್ ಬದಲಾಯಿತು, ಗಟ್ಟಿಯಾಗಿದ್ದ ಹಳೇ ಹೋಸ್ ಪೈಪುಗಳು ಹೋದವು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಹೊಸದಾದವು.

ಆಮೇಲೆ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು, ಅದಕ್ಕೆ ಎಡೆ ಮಾಡಿಕೊಡೋದು ಇದು. ಆದರೆ ಒಂದು ಚಕ್ರ ಹಿಡಿತ ಬಿಟ್ಟರೆ ಬಲವೆಲ್ಲ ಅಲ್ಲೇ ಸೋರಿಹೋಗುತ್ತೆ. ಎರಡೂ ಒಟ್ಟಿಗೆ ತಿರುಗಿದರೇ ಡ್ರಿಫ್ಟ್. ಕಡಿಮೆ ಖರ್ಚಿನವರು ಅದರೊಳಗಿನ ಗೇರುಗಳನ್ನು ವೆಲ್ಡ್ ಮಾಡಿಬಿಡ್ತಾರೆ. ಆಗ ಪಾರ್ಕಿಂಗಿನಲ್ಲಿ ತಿರುಗಿಸಿದರೂ ಟೈರು ಕಿರುಚುತ್ತೆ. ಮಗುವನ್ನು ಡಾಕ್ಟರ ಹತ್ತಿರ ಒಯ್ಯಬೇಕಾದ ಕಾರು ಅಂತ ಸೆನ್‌ಪೈ ವೆಲ್ಡ್ ಮಾಡಿಸದೆ, ದುಡ್ಡು ಕೂಡಿಟ್ಟು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿದ್ದರು. ಈ ಸಲ ಅದರ ಆಯಿಲ್ ಬದಲಿಸಿದೆವು, ಅಷ್ಟೆ.

ಟೈರಿನ ಲೆಕ್ಕ ತಲೆಕೆಳಗು. ಒಳ್ಳೇ ಟೈರು ಮುಂದೆ, ಸವೆದದ್ದು ಹಿಂದೆ. ದಿಕ್ಕು ಹಿಡಿಯೋದು ಮುಂದಿನವು, ಸುಟ್ಟುಹೋಗೋದು ಹಿಂದಿನವು. ಹಳೇ ಟೈರಿನ ಎರಡು ಜೊತೆ ಒಳಗೆ ತುರುಕಿದ್ದಾಯಿತು. ಮನೆಗೆ ಬರೋಕೆ ಬೇಕಾದ ಒಳ್ಳೇ ಜೊತೆಯ ಮೇಲೆ ಸೀಮೆಸುಣ್ಣದಲ್ಲಿ ‘ಮನೆ’ ಅಂತ ಬರೆದರು.

ತೊಂದರೆ ಕಂಡಿದ್ದು ಗುರುವಾರ ರಾತ್ರಿ. ಕಾರನ್ನು ಜ್ಯಾಕಿನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಎಡ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಟಕ್ ಅಂತು. ಇನ್ನೊಮ್ಮೆ. ಟಕ್. ಲೋಯರ್ ಆರ್ಮಿನ ಬಾಲ್ ಜಾಯಿಂಟಿನಲ್ಲಿ ಪ್ಲೇ. ಅದು ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತೆ, ಸ್ಟೀರಿಂಗ್ ಇದ್ದೂ ಇಲ್ಲದ ಹಾಗೆ. ಹಬ್ಬ ಶನಿವಾರ. ಹೊಸ ಆರ್ಮ್ ಬರೋಕೆ ಒಂದು ವಾರ. ಪ್ರವೇಶ ಶುಲ್ಕ ಕಟ್ಟಾಗಿತ್ತು.

“ಸ್ವಲ್ಪವೇ ಅಲ್ವಾ? ನಿಧಾನ ಓಡಿಸಿದರೆ?” ಅಂದೆ.

ಅವರು ಕೈ ಒರೆಸಿಕೊಂಡು, “ಜಾರೋವಾಗ ಈ ಕಾರಿನ ಮೇಲೆ ಅನುಮಾನ ಇಟ್ಕೊಂಡು ಕೂರೋಕಾಗಲ್ಲ. ಸಿಕ್ಕರೆ ಹೋಗೋಣ, ಸಿಗದಿದ್ರೆ ಬೇಡ. ಹಬ್ಬ ಮತ್ತೆ ಬರುತ್ತೆ” ಅಂದರು. ಮಾರೋ ಮಾತು ಆಡಿದ್ದ ಮನುಷ್ಯ, ಇದೇ ಕೊನೇ ಹಬ್ಬ ಆಗಬಹುದಿತ್ತು. ಆದರೂ ದನಿಯಲ್ಲಿ ಏರಿಳಿತ ಇರಲಿಲ್ಲ.

ರಾತ್ರಿಯೆಲ್ಲ ಫೋನು. ಕೊರಿಯಾಮಾದಲ್ಲಿ ಅವರ ಹಳೇ ಗೆಳೆಯರೊಬ್ಬರ ಶೆಡ್ಡಿನಲ್ಲಿ 180ಎಸ್‌ಎಕ್ಸ್ ಕಾರಿನಿಂದ ಬಿಚ್ಚಿಟ್ಟ ಆರ್ಮ್ ಇತ್ತು. ಸಿಲ್ವಿಯಾ ಮತ್ತು ಅದು ಅಕ್ಕತಂಗಿಯರಿದ್ದ ಹಾಗೆ, ಆರ್ಮ್ ಹೊಂದುತ್ತೆ. ಶುಕ್ರವಾರ ಕೆಲಸ ಮುಗಿಸಿ ಶಿಂಕಾನ್ಸೆನ್ ರೈಲಿನಲ್ಲಿ ಹೋಗಿ, ಟವೆಲಿನಲ್ಲಿ ಸುತ್ತಿದ ಆ ಕಬ್ಬಿಣವನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಅದರ ಜಾಯಿಂಟನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಗಟ್ಟಿ ಇದೆ ಅಂತ ಖಾತ್ರಿಯಾದ ಮೇಲೇ ಹಾಕಿದ್ದು. ಅಲೈನ್‌ಮೆಂಟ್ ಅಂಗಡಿ ಅಷ್ಟು ಹೊತ್ತಿಗೆ ಎಲ್ಲಿ ತೆರೆದಿರುತ್ತೆ? ನಮ್ಮೂರ ಗಾರೆ ಕೆಲಸದವರು ಗೋಡೆಗೆ ದಾರ ಹಿಡಿಯೋ ಹಾಗೆ ಕಾರಿನ ಎರಡೂ ಪಕ್ಕ ದಾರ ಕಟ್ಟಿ, ಸ್ಕೇಲಿನಲ್ಲಿ ಅಳೆದು ಚಕ್ರ ನೇರ ಮಾಡಿದೆವು. ಮುಗಿದಾಗ ರಾತ್ರಿ ಒಂದು ಗಂಟೆ.

ಬೆಳಗ್ಗೆ ಎಬಿಸು. ಒಂದೇ ಗುಡ್ಡದ ಮೇಲೆ ಮೇಲೊಂದು ಕೆಳಗೊಂದು ಹಲವು ಟ್ರ್ಯಾಕುಗಳು. ಪಕ್ಕದಲ್ಲೇ ತೊಹೊಕು ಸಫಾರಿ ಪಾರ್ಕ್, ಅಲ್ಲಿ ಸಿಂಹಗಳಿವೆ. 2006ರ ಡಿ1 ಗ್ರ್ಯಾನ್ ಪ್ರಿ ಚಾಂಪಿಯನ್ ನೊಬುಶಿಗೆ ಕುಮಾಕುಬೊ ಬೆಳೆಸಿದ ಜಾಗ ಇದು. 2021ರ ಫೆಬ್ರುವರಿ 13ರ ಭೂಕಂಪದಲ್ಲಿ ಗುಡ್ಡ ಕುಸಿದು ಸರ್ಕ್ಯೂಟಿನ ಒಂದು ಭಾಗ ಮಣ್ಣಿನಡಿ ಸೇರಿತ್ತು. ಹಬ್ಬ ಮತ್ತೆ ಶುರುವಾಯಿತು. ಇಲ್ಲಿಗೆ ಬರುವವರಿಗೆ ರಿಪೇರಿ ಅನ್ನೋದು ಹೊಸ ವಿಷಯವಲ್ಲ.

ಇಲ್ಲಿನ ಮಿನಾಮಿ, ಅಂದರೆ ದಕ್ಷಿಣ ಟ್ರ್ಯಾಕು, ಪ್ರಪಂಚಕ್ಕೇ ಹೆಸರುವಾಸಿ. ಹಿಂದೆ ಅಲ್ಲಿ ಕಾರು ಏರಿನ ತುದಿಯಲ್ಲಿ ಜಿಗಿದು, ಕಾಂಕ್ರೀಟ್ ಗೋಡೆಯ ಪಕ್ಕದಲ್ಲೇ ಅಡ್ಡಲಾಗಿ ಇಳಿಯುತ್ತಿತ್ತು. ಸೆನ್‌ಪೈ ಅದನ್ನು ನಿಂತು ನೋಡಿದರು, ಓಡಿಸಲಿಲ್ಲ. ಚಿಕ್ಕ ಟ್ರ್ಯಾಕನ್ನೇ ಆರಿಸಿಕೊಂಡರು.

ಒಂದು ಸುತ್ತಿಗೆ ನಾನೂ ಹೆಲ್ಮೆಟ್ ಹಾಕಿ, ತುಂಬುತೋಳಿನ ಅಂಗಿ ತೊಟ್ಟು ಪಕ್ಕದಲ್ಲಿ ಕೂತೆ. ತಿರುವು ನನಗೆ ಕಂಡಿದ್ದು ಎದುರಿನ ಗಾಜಿನಲ್ಲಲ್ಲ, ಪಕ್ಕದ ಕಿಟಕಿಯಲ್ಲಿ! ಹೊಟ್ಟೆ ಕಲಕಿತು. ಆದರೆ ಅವರ ಕೈಯಲ್ಲಿ ಗಾಬರಿ ಇರಲಿಲ್ಲ. ಸ್ಟೀರಿಂಗ್ ತಾನಾಗಿ ಸುತ್ತಲು ಬಿಟ್ಟು, ಬೇಕಾದಲ್ಲಿ ಹಿಡಿದರು. ಆ ಎಡ ಚಕ್ರದ ಮೇಲೆ ಕಾರಿನ ಭಾರವೆಲ್ಲ ಬಿದ್ದ ಕ್ಷಣದಲ್ಲಿ ನನಗೆ ನೆನಪಾದದ್ದು ಗುರುವಾರದ ‘ಟಕ್’.

ಪ್ರತಿ ಸುತ್ತು ಮುಗಿದಾಗಲೂ ಅದೇ ಶಿಸ್ತು. ಬಾನೆಟ್ ತೆಗೆದು ತಣಿಸೋದು, ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡೋದು, ಬಗ್ಗಿ ಕೆಳಗೆ ನೋಡೋದು. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯೋಕೆ ಬಿಡಲಿಲ್ಲ. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದರೆ ಪಂಪಿಗೆ ಸಿಗಲ್ಲವಂತೆ. ಸುತ್ತಮುತ್ತ ಇದ್ದವರ ಬಂಪರುಗಳು ಪ್ಲಾಸ್ಟಿಕ್ ಟೈಗಳಲ್ಲಿ ಹೊಲಿಗೆ ಹಾಕಿಸಿಕೊಂಡಿದ್ದವು. ಒಬ್ಬರ ಕ್ಲಚ್ ಹೋದಾಗ ನಾಲ್ಕು ಜನ ಅಪರಿಚಿತರು ಜ್ಯಾಕ್ ತಂದು ಕೆಳಗೆ ತೂರಿದರು.

ಸಂಜೆ ‘ಮನೆ’ ಅಂತ ಬರೆದ ಟೈರುಗಳನ್ನು ಹಾಕಿ, ರಬ್ಬರಿನ ವಾಸನೆಯಲ್ಲೇ ಹೊರಟೆವು. ದಾರಿಯಲ್ಲಿ ಆಫರ್ ವಿಷಯ ಕೇಳಿದೆ.

“ಇವತ್ತು ಬೆಳಗ್ಗೇನೇ ಬೇಡ ಅಂತ ಮೆಸೇಜ್ ಹಾಕಿದೆ” ಅಂದರು. “ಟ್ರ್ಯಾಕಿಗೆ ಇಳಿಯೋ ಮೊದಲೇ?” “ಹೂಂ. ನಿನ್ನೆ ರಾತ್ರಿ ದಾರ ಹಿಡಿದು ಅಳೀತಿದ್ದಾಗಲೇ ಗೊತ್ತಾಯ್ತು.”

ಸೋಮವಾರ ಎಂಟೂವರೆಗೆ ಸಿಲ್ವಿಯಾ ಆಫೀಸಿನ ಪಾರ್ಕಿಂಗಿನಲ್ಲಿ ತನ್ನ ಜಾಗದಲ್ಲಿತ್ತು. ಹಿಂದಿನ ಸೀಟಿನಲ್ಲಿ ಟೈರುಗಳಿರಲಿಲ್ಲ, ಮಕ್ಕಳ ಸೀಟು ವಾಪಸ್ ಬಂದಿತ್ತು.