ಮಳೆ ಲೆಕ್ಕ, ಸಕ್ಕರೆ ಲೆಕ್ಕ

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು 2019ರ ಜೂನ್ ತಿಂಗಳಲ್ಲಿ. ಶಾಲೆ ಶುರುವಾಗಿತ್ತು, ಆಲ್ದೂರಿನಲ್ಲಿ ಮಳೆ ಹಿಡಿದುಕೊಂಡಿತ್ತು. ಕೊಡೆ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಕಾಲು ಸೋಲುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 186. 126 ಮುಟ್ಟಿದರೇ ಕಾಯಿಲೆ ಎನ್ನುತ್ತಾರೆ. ಇನ್ನೊಂದು ದಿನ ಮಾಡಿಸಿದಾಗಲೂ ಅದೇ ಹಣೆಬರಹ.

ಚಿಕ್ಕಮಗಳೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮನೆಯಲ್ಲೇ ನೋಡುವ ಯಂತ್ರ ತಗೊಳ್ಳಿ, ಬಂದದ್ದನ್ನು ಬರೆದಿಡಿ" ಎಂದರು. ಟೀಚರಿಗೆ ಬರೆಯಲು ಹೇಳಬೇಕೆ? ಇನ್ನೂರು ಪುಟದ ನೋಟು ಪುಸ್ತಕ ತಂದು, ಕೆಂಪು ನೀಲಿ ಗೆರೆ ಎಳೆದು ಒಂಬತ್ತು ಅಂಕಣ ಮಾಡಿದೆ. ಖಾಲಿ ಹೊಟ್ಟೆ, ತಿಂಡಿಯ ನಂತರ, ಊಟದ ನಂತರ, ತಿಂದದ್ದೇನು, ನಡೆದದ್ದೆಷ್ಟು, ನಿದ್ದೆ, ಕೊನೆಗೆ ಮನಸ್ಸಿನ ನೆಮ್ಮದಿಗೂ ಒಂದು ಮನೆ. ತಂಗಿ ನೋಡಿ, "ಅಕ್ಕಾ, ನಿನ್ನ ಪಾಠ ಟಿಪ್ಪಣಿಯೂ ಇಷ್ಟು ಚೆನ್ನಾಗಿರಲ್ಲ" ಎಂದಳು.

ಹನ್ನೊಂದು ದಿನ ಬರೆದೆ. ಒಂದೊಂದು ಪಟ್ಟಿಗೆ ಹದಿನೈದು ಇಪ್ಪತ್ತು ರೂಪಾಯಿ, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಬೇಕು, ಜೊತೆಗೆ ಶಾಲೆ ಬೇರೆ. ಇನ್ನೂ ಒಂದು ಕಾರಣವಿತ್ತು. "ಟೀಚರಮ್ಮನಿಗೂ ಶುಗರಂತೆ" ಎಂದು ಪೇಟೆಯವರು ಆಡಿಕೊಳ್ಳುವುದು ನನಗೆ ಬೇಕಿರಲಿಲ್ಲ. ಪುಸ್ತಕವನ್ನು ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟಿದ್ದೆ. ಸೀರೆಯಡಿ ಇಟ್ಟದ್ದು ನೆನಪಾಗುವುದು ಮದುವೆ ಮನೆಗೆ ಹೊರಟಾಗ ಮಾತ್ರ.

ಮತ್ತೆ ಡಾಕ್ಟರ ಬಳಿ ಹೋಗುವ ಹಿಂದಿನ ರಾತ್ರಿ ಎದೆ ಧಸಕ್ಕೆಂದಿತು. ಕೂತು ಎರಡು ತಿಂಗಳ ಲೆಕ್ಕವನ್ನು ಒಂದೇ ಉಸಿರಿಗೆ ತುಂಬಿದೆ. 112, 118, 109, 121. ನಂಬಿಕೆ ಬರಲೆಂದು ನಡುವೆ ಒಂದು 143. ವಾರದ ಕಾಪಿಯನ್ನೆಲ್ಲ ಭಾನುವಾರ ರಾತ್ರಿ ಬರೆದು ತರುವ ಮಕ್ಕಳನ್ನು ಶಾಯಿ ನೋಡಿಯೇ ಹಿಡಿದು ನಿಲ್ಲಿಸಿದವಳು ನಾನು!

ಡಾಕ್ಟರು ಪುಟ ತಿರುವಿದರು. ಪಕ್ಕದಲ್ಲಿ ಎಚ್‌ಬಿಎ1ಸಿ ಪರೀಕ್ಷೆಯ ವರದಿ ಇತ್ತು: 8.6. ರಕ್ತದ ಕೆಂಪು ಕಣ ಬದುಕುವುದು ಸುಮಾರು 120 ದಿನ. ಅದಕ್ಕೆ ಅಂಟಿಕೊಂಡ ಸಕ್ಕರೆ ಹಿಂದಿನ ಎರಡು ಮೂರು ತಿಂಗಳ ಕತೆ ಹೇಳಿಬಿಡುತ್ತದೆ. 8.6 ಎಂದರೆ ಸರಾಸರಿ ಸುಮಾರು 200. ಅವರು ಬೈಯಲಿಲ್ಲ. "ಮೇಡಂ, ನಿಮ್ಮ ಪುಸ್ತಕ ನಂಬಿದರೆ ಮಾತ್ರೆ ಇಷ್ಟೇ ಸಾಕು. ವರದಿ ನಂಬಿದರೆ ಹೆಚ್ಚು ಮಾಡಬೇಕು. ಯಾವ ಹೊತ್ತಿಗೆ ಏರುತ್ತದೆಂದು ತಿಳಿಯದೆ ಹೆಚ್ಚು ಮಾಡಿ, ನೀವು ಸಕ್ಕರೆ ಇಳಿದು ದಾರಿಯಲ್ಲಿ ಬಿದ್ದರೆ?" ಎಂದರು. "ಅದು ನಿನ್ನೆ ರಾತ್ರಿ ಬರೆದದ್ದು" ಎಂದೆ. ಅಷ್ಟು ಹೇಳುವುದರೊಳಗೆ ಮುಖವೆಲ್ಲ ಬೆವರಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅಪ್ಪ ನೆನಪಾದರು. ಅಪ್ಪ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟಿನಲ್ಲಿ ಬರೆಯುವುದು ಅವರ ಕೆಲಸ. ದಿನಕ್ಕೆ ಒಂದೇ ಅಂಕಿ. ಜ್ವರ ಬಂದು ಮಲಗಿದ ದಿನದ ಮನೆ ಖಾಲಿಯೇ ಉಳಿಯುತ್ತಿತ್ತು. "ಅಂದಾಜಿಗೆ ಬರೆಯಬಾರದೇ?" ಎಂದು ನಾನೊಮ್ಮೆ ಕೇಳಿದ್ದೆ. "ಹೂಮಳೆ ಒಂದು ಇಂಚು ಬಂತೋ, ನಲವತ್ತು ಸೆಂಟಿಗೇ ನಿಂತಿತೋ ನೋಡಿ ಸ್ಪ್ರಿಂಕ್ಲರ್ ಹಾಕೋದು ಮಗಾ. ನನ್ನ ಅಂದಾಜಿಗೆ ಗಿಡದ ಹೂವು ಒಣಗಬೇಕಾ?" ಎಂದಿದ್ದರು.

ಮನೆಗೆ ಬಂದವಳೇ ಪುಸ್ತಕ ಬಿಟ್ಟು ಅಡುಗೆಮನೆಯ ಕ್ಯಾಲೆಂಡರ್ ಹಿಡಿದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲ ಇರುವುದು ಅಲ್ಲೇ. ಡಾಕ್ಟರನ್ನು ಕೇಳಿ ವಾರಕ್ಕೊಂದು ವೇಳಾಪಟ್ಟಿ ಮಾಡಿಕೊಂಡೆ. ಸೋಮವಾರ, ಗುರುವಾರ ಖಾಲಿ ಹೊಟ್ಟೆ. ಮಂಗಳವಾರ, ಶುಕ್ರವಾರ ರಾತ್ರಿ ಊಟವಾದ ಮೇಲೆ. ಶನಿವಾರ ಮಧ್ಯಾಹ್ನದ ಊಟ, ಭಾನುವಾರ ತಿಂಡಿ. ಬುಧವಾರ ಬೆರಳಿಗೆ ರಜೆ. ಊಟದ ನಂತರ ಎಂದರೆ ಮೊದಲ ತುತ್ತಿನಿಂದ ಎರಡು ಗಂಟೆ. ಮರೆತ ದಿನ ಒಂದು ಚುಕ್ಕಿ. ಆಮೇಲೆ ತುಂಬುವ ಹಾಗಿಲ್ಲ. ನನ್ನದು ಮಾತ್ರೆಯ ಕಾಯಿಲೆ, ಇಷ್ಟು ಸಾಕಾಯಿತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಸಾಲದು, ಅವರು ತಮ್ಮ ಡಾಕ್ಟರು ಹೇಳಿದಷ್ಟು ಸಲ ನೋಡಲೇಬೇಕು.

ಕಲಿಯುವುದು ಇನ್ನೂ ಇತ್ತೆನ್ನಿ. ಕಿತ್ತಳೆ ಸುಲಿದ ಕೈಯಲ್ಲೇ ಬೆರಳು ಚುಚ್ಚಿ 290 ಕಂಡು ಅತ್ತಿದ್ದೆ. ಸೋಪು ಹಾಕಿ ತೊಳೆದು, ಒರೆಸಿ ನೋಡಿದರೆ 148! ನಮ್ಮ ಮಳೆಗಾಲದ ಥಂಡಿಗೆ ಉಪ್ಪೇ ನೀರಾಗುವಾಗ ಈ ಪಟ್ಟಿಗಳು ಯಾವ ಲೆಕ್ಕ? ಡಬ್ಬಿಯ ಮುಚ್ಚಳ ಆಗಿಂದಾಗಲೇ ಬಿಗಿಯಾಗಿ ಹಾಕದಿದ್ದರೆ ಅವೂ ಕೆಡುತ್ತವೆ.

ಒಂದು ತಿಂಗಳಾದಾಗ ಕ್ಯಾಲೆಂಡರೇ ಮಾತಾಡಿತು. ಬೇರೆ ದಿನಗಳೆಲ್ಲ ಅಷ್ಟಕ್ಕಷ್ಟೆ. ಭಾನುವಾರದ ಸಾಲಿನಲ್ಲಿ ಮಾತ್ರ 236, 241, 228. ಊಟದ ನಂತರ 180ರ ಒಳಗಿರಬೇಕೆಂದು ಡಾಕ್ಟರು ಹೇಳಿದ್ದರು. ಭಾನುವಾರ ನಮ್ಮಲ್ಲಿ ಅಕ್ಕಿರೊಟ್ಟಿ, ಮೇಲೆ ಬೆಲ್ಲದ ಕಾಫಿ. ಹಾಳೆ ಹರಿದು ಒಯ್ದು ತೋರಿಸಿದೆ. ಡಾಕ್ಟರಿಗೆ ಅರ್ಧ ನಿಮಿಷ ಸಾಕಾಯಿತು. ನಾಲ್ಕು ರೊಟ್ಟಿ ಎರಡಾಯಿತು, ಪಕ್ಕದಲ್ಲಿ ಕಾಳಿನ ಪಲ್ಯ ಬಂತು, ಕಾಫಿಯಿಂದ ಬೆಲ್ಲ ಹೋಯಿತು. ಮಾತ್ರೆಯನ್ನೂ ಸ್ವಲ್ಪ ಬದಲಿಸಿದರು. ಆರು ತಿಂಗಳಿಗೆ 8.6 ಇದ್ದದ್ದು 7.3ಕ್ಕೆ ಇಳಿಯಿತು.

ಆದರೆ ಗೋಡೆಗೆ ಬಂದ ಮೇಲೆ ಗುಟ್ಟು ಉಳಿಯುವುದೆಲ್ಲಿ? ಹಾಲಿನ ಲೆಕ್ಕ ನೋಡಲು ಒಳಬಂದ ಹಾಲಿನಾಕೆ ಕಣ್ಣರಳಿಸಿ, "ಇದೇನು ಟೀಚರೇ, ಇನ್ನೂರ ಮೂವತ್ತಾರು ಲೀಟರಾ?" ಎಂದಳು. ನಗು ತಡೆಯಲಾಗಲಿಲ್ಲ. ಇದು ನನ್ನ ಸಕ್ಕರೆ ಲೆಕ್ಕ ಎಂದು ಮೊದಲ ಸಲ ಮನೆಯವರಲ್ಲದವರ ಮುಂದೆ ಬಾಯಿಬಿಟ್ಟೆ. ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಂಗೂ ಐತೆ ಟೀಚರೇ. ಎರಡು ವರ್ಷ ಆತು. ಯಾರಿಗೂ ಹೇಳಿಲ್ಲ."

ಈಗ ಆಕೆ ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿಸಿಕೊಂಡು ಬರುತ್ತಾಳೆ. ಬಂದದ್ದನ್ನು ತನ್ನ ಮನೆಯ ಕ್ಯಾಲೆಂಡರಿನಲ್ಲೂ ಬರೆಯುತ್ತಾಳೆ, ದಾರಿಯಲ್ಲಿ ನನಗೂ ಹೇಳಿ ಹೋಗುತ್ತಾಳೆ. ನನ್ನ ಗೋಡೆಯಲ್ಲಿ ಈ ತಿಂಗಳು ಮೂರು ಚುಕ್ಕಿಗಳಿವೆ. ಇರಲಿ ಬಿಡಿ, ಉಳಿದವೆಲ್ಲ ಅಳೆದು ಬರೆದದ್ದು.